ಬೆಳ್ಳಿ ದವನ: ಎಂಟನೇ ತಿಂಗಳು, ನಾಲ್ಕು ಗಿಡ

ಕೊಡಗಿನ ಮಳೆಗಾಲದ ತಿಂಗಳು ಕಕ್ಕಡ ಮುಗಿಯುತ್ತಾ ಬಂತು. ನನ್ನ ಆರ್ಟಿಮಿಸಿಯಾ ಫ್ರಿಜಿಡಾ ಗಿಡಗಳಲ್ಲಿ ನಾಲ್ಕು ಇನ್ನೂ ಬದುಕಿವೆ! ಮನೆಯಲ್ಲಿ ನಾವು ಅದನ್ನು ಬೆಳ್ಳಿ ದವನ ಅಂತ ಕರೆಯುತ್ತೇವೆ. ನಮ್ಮ ದವನ, ಮಾಚಿಪತ್ರೆ ಎಲ್ಲ ಇದೇ ಕುಲದವು. ದವನ ಒಂದೇ ವರ್ಷಕ್ಕೆ ಮುಗಿಯುತ್ತದೆ, ಇದು ಬುಡ ಗಟ್ಟಿ ಮಾಡಿಕೊಂಡು ವರ್ಷಗಟ್ಟಲೆ ಇರುತ್ತದೆ. ಹುಟ್ಟೂರು ಸೈಬೀರಿಯಾ, ಮಂಗೋಲಿಯಾ, ಕೆನಡಾ ಕಡೆಯ ಒಣ ಹುಲ್ಲುಗಾವಲು.

ಕೆನಡಾದ ರೆಜೈನಾದಲ್ಲಿ ವರ್ಷಕ್ಕೆ ಬೀಳುವುದು ಮಳೆ-ಹಿಮ ಸೇರಿ 400 ಮಿ.ಮೀ. ಒಳಗೆ. ನಮ್ಮ ಮಡಿಕೇರಿಯಲ್ಲಿ 3000 ದಾಟುತ್ತದೆ. ಕಷ್ಟ ಇರುವುದೇ ಈ ಮಳೆಯದ್ದು, ಚಳಿ-ಬಿಸಿಲಿನದ್ದಲ್ಲ.

ಜನವರಿಯಲ್ಲಿ ಬಿತ್ತಿದೆ. ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಉಸಿರು ಬಿಟ್ಟರೆ ಹಾರುತ್ತದೆ. ಮೊಳೆಯೋಕೆ ಬೆಳಕು ಬೇಕು, ಅದಕ್ಕೆ ಮಣ್ಣು ಮುಚ್ಚದೆ ಸುಮ್ನೆ ಮೇಲೆ ಉದುರಿಸಿ ಒತ್ತಿದೆ. ಹನ್ನೊಂದು ಸಸಿ ಸಿಕ್ಕವು.

ಐದಕ್ಕೆ ತೋಟದ ಕೆಂಪು ಮಣ್ಣು, ಸಗಣಿ ಗೊಬ್ಬರ ಹಾಕಿದೆ. ಅದು ತಪ್ಪು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದದ್ದೇ ತಡ, ಹಸಿರಾಗಿ ಉದ್ದಕ್ಕೆ ಬೆಳೆದು ಅಡ್ಡ ಬಿದ್ದವು, ಎಲೆ ಉಜ್ಜಿದರೆ ಪರಿಮಳವೇ ಇಲ್ಲ. ಜೂನ್ ಕೊನೆಗೆ ಐದೂ ಹೋದವು. ಉಳಿದ ಆರನ್ನು ಮುಕ್ಕಾಲು ಪಾಲು ಮರಳು-ಜಲ್ಲಿ, ಕಾಲು ಪಾಲು ಮಣ್ಣು, ಕಾಫಿ ತೋಟಕ್ಕೆ ಹಾಕುವ ಸುಣ್ಣ ಒಂದು ಚಿಟಿಕೆ ಸೇರಿಸಿ ನೆಟ್ಟಿದ್ದೆ. ಇವು ಗಿಡ್ಡಕ್ಕೆ, ಒತ್ತಾಗಿ, ಬೆಳ್ಳಗೆ ಬಂದವು. ಕೈಗೆ ಕರ್ಪೂರದ ಘಮ, ಅಜ್ಜಿ ಮೂಸಿ ನೋಡಿ "ದವನಕ್ಕಿಂತ ಖಾರ ಅಲ್ವಾ" ಅಂದರು.

ಮಳೆ ಶುರುವಾದಾಗ ಜಗಲಿಗೆ ತಂದಿಟ್ಟೆ. ಆದರೂ ಎರಡು ಸತ್ತವು, ನೀರು ಹಾಕದೇ ಇದ್ದರೂ. ಯಾಕೆ ಅಂತ ಒಂದು ಬೆಳಗ್ಗೆ ಹತ್ತಿರ ಕೂತು ನೋಡಿದೆ. ಎಲೆ ತುಂಬಾ ರೇಷ್ಮೆಯಂಥ ಬಿಳಿ ಕೂದಲು. ಒಣ ನಾಡಿನಲ್ಲಿ ಗಿಡದ ನೀರು ಆರದ ಹಾಗೆ ಕಾಯೋದು ಅದೇ. ಇಲ್ಲಿ ಮಂಜಿನ ಹನಿ ಅದರಲ್ಲಿ ಸಿಕ್ಕಿಕೊಂಡು ಮಧ್ಯಾಹ್ನದವರೆಗೂ ಜಾರಲೇ ಇಲ್ಲ, ಒಳಗಿನ ಎಲೆಗಳು ಕಪ್ಪಾಗಿ ಕೊಳೆತಿದ್ದವು. ಈಗ ಬುಡದ ಎಲೆ ಕಿತ್ತು, ದಿನಕ್ಕೆ ಎರಡು ಗಂಟೆ ಟೇಬಲ್ ಫ್ಯಾನ್ ಹಾಕುತ್ತೇನೆ. ಮೂರು ವಾರದಿಂದ ಒಂದೂ ಕಪ್ಪಾಗಿಲ್ಲ.

ನಿನ್ನೆ ಇನ್ನೊಂದು ಕಂಡೆ. ಮರಳಿಗೆ ತಾಗಿದ್ದ ಒಂದು ಕೊಂಬೆ ಅಲ್ಲೇ ಬೇರು ಬಿಟ್ಟಿದೆ, ನಾಲ್ಕು ಬಿಳಿ ಎಳೆ. ಮಳೆ ನಿಂತ ಮೇಲೆ ಅದನ್ನು ಕತ್ತರಿಸಿ ಕುಶಾಲನಗರದ ಚಿಕ್ಕಮ್ಮನ ಮನೆಗೆ ಕೊಡುತ್ತೇನೆ. ಅಲ್ಲಿ ಮಳೆ ಕಡಿಮೆ, ನೆಲದಲ್ಲೇ ನೆಟ್ಟು ನೋಡಬಹುದು.