ಅವಳು ತಿರುಗಿ ನೋಡಿದ್ದು

ಮಂಗಳವಾರ ಸಂಜೆಯಿಂದ ಆ ನೋಟ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಮ್ಮ ನಾಯಿ ಬೆಲ್ಲ ಗೇಟಿನ ಆಚೆ ನಿಂತು ತಿರುಗಿ ನನ್ನನ್ನು ನೋಡಿದಳು. ನಾನು ಕರೆದದ್ದು ಅವಳಿಗೆ ಕೇಳಿಸಿತ್ತು. ಕಿವಿ ನನ್ನ ಕಡೆ ಹೊರಳಿದ್ದನ್ನು ನಾನೇ ಕಂಡೆ. ಆದರೂ ರಸ್ತೆಯ ಕಡೆ ಓಡಿಬಿಟ್ಟಳು.

ಬೆಳಗ್ಗೆಯಿಂದ ಸುರಿದ ಮಳೆ ಆಗಷ್ಟೇ ಬಿಟ್ಟಿತ್ತು. ಮುಂಬಯಿಯ ಮುಲುಂಡ್‌ನ ನಮ್ಮ ಗಲ್ಲಿಯಲ್ಲಿ ಏಳು ಗಂಟೆಗೆ ಸ್ಟೇಷನ್ನಿನಿಂದ ಬರುವ ರಿಕ್ಷಾಗಳು ಒಂದರ ಹಿಂದೆ ಒಂದು. ಬೆಲ್ಟಿನ ಕೊಕ್ಕೆ ಸರಿಯಾಗಿ ಕೂತಿರಲಿಲ್ಲ. ಎದುರಿಗೆ ಬೆಕ್ಕು ಕಂಡಿತು, ಅವಳು ಜಗ್ಗಿದಳು, ಕೊಕ್ಕೆ ಕಳಚಿತು. ಆರು ಕಿಲೋ ತೂಕದ, ನನ್ನ ಮೊಣಕಾಲಿಗೂ ಬಾರದ ಜೀವ. ರಿಕ್ಷಾದವರಿಗೆ ಕಾಣುವುದಾದರೂ ಹೇಗೆ? "ಬೆಲ್ಲಾ, ಬಾ! ಬಾ ಇಲ್ಲಿ!" ಅಂತ ಚೀರುತ್ತ ಹಿಂದೆ ಓಡಿದೆ. ನಾನು ಓಡಿದಷ್ಟೂ ಅವಳು ಮುಂದೆ ಓಡಿದಳು. ಒಂದು ರಿಕ್ಷಾ ಕಿರ್ರ್ ಅಂತ ಬ್ರೇಕ್ ಹಾಕಿ ಅಡ್ಡ ನಿಂತಿತು.

ಅವಳನ್ನು ವಾಪಸ್ ತಂದದ್ದು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕಾಕಾ. ಅವರು ಓಡಲಿಲ್ಲ, ಕೂಗಲೂ ಇಲ್ಲ. ಗೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಮುಖ ಬೇರೆ ಕಡೆ ತಿರುಗಿಸಿ, ಊಟದ ಡಬ್ಬಿಯ ಮುಚ್ಚಳ ಟಕ್ ಟಕ್ ಬಡಿಯುತ್ತ, ಸಣ್ಣ ದನಿಯಲ್ಲಿ "ಯೇ ಯೇ ಯೇ" ಅಂದರು. ಬೆಲ್ಲ ನಿಂತಳು. ಬಾಲ ಆಡಿತು. ನೇರ ಬಂದು ಅವರ ತೊಡೆಗೆ ಮೂಗು ಒತ್ತಿದಳು. ಕಾಕಾ ಭಾಕ್ರಿಯ ಚೂರು ಮುರಿದು ಕೊಟ್ಟರು. ನಡುಗುವ ಕೈಯಲ್ಲಿ ನಾನು ಕೊಕ್ಕೆ ಹಾಕುತ್ತಿದ್ದಾಗ ಒಂದೇ ಮಾತು ಹೇಳಿದರು. "ತಾಈ, ತುಮ್ಹಿ ಹಾಕ ಮಾರತಾ ತೇವ್ಹಾ ತಿಲಾ ಘರೀಚ ನೇತಾ." ಅಕ್ಕಾ, ನೀವು ಕರೆದಾಗಲೆಲ್ಲ ಅವಳನ್ನು ಮನೆಗೇ ಒಯ್ಯುತ್ತೀರಿ.

ಬೈದು ಹೇಳಿದ್ದಲ್ಲ. ದಿನಾ ಗೇಟಿನಲ್ಲಿ ಕೂತು ನಮ್ಮನ್ನು ನೋಡಿದವರು, ಕಂಡದ್ದನ್ನು ಹೇಳಿದರು.

ಮನೆಗೆ ಬಂದು ಟವೆಲ್ಲಿನಿಂದ ಅವಳ ಕಾಲು ಒರೆಸುತ್ತ ಅದನ್ನೇ ಯೋಚಿಸಿದೆ. ಬೆಲ್ಲ ಬಂದು ಎರಡು ವರ್ಷವಾಯಿತು. ಮೈ ಬಣ್ಣ ಥೇಟ್ ಬೆಲ್ಲದ ಅಚ್ಚಿನದು, ಅದಕ್ಕೇ ಆ ಹೆಸರು. ಬಿಲ್ಡಿಂಗಿನವರು ಅದು ಇಂಗ್ಲಿಷ್ ಹೆಸರು ಅಂದುಕೊಂಡಿದ್ದಾರೆ. ಈ ಎರಡು ವರ್ಷದಲ್ಲಿ ನಾನು ಅವಳಿಗೆ "ಬಾ" ಅಂದದ್ದು ಯಾವಾಗ? ಆಟ ಮುಗಿಸುವಾಗ. ಸ್ನಾನಕ್ಕೆ. ಉಗುರು ಕತ್ತರಿಸಲಿಕ್ಕೆ. ಬಾಯಲ್ಲಿದ್ದ ಎಲುಬು ಕಸಿಯಲಿಕ್ಕೆ. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ನಿಂತ ನೀರಿನಲ್ಲಿ ಲೆಪ್ಟೊ, ಅಂದರೆ ಇಲಿಜ್ವರದ ರೋಗಾಣು, ಇರುತ್ತೆ ಅನ್ನುವ ಭಯ ಮುಂಬಯಿಯಲ್ಲಿ ಯಾರಿಗಿಲ್ಲ ಹೇಳಿ. ಲಸಿಕೆ ಹಾಕಿಸಿದ್ದರೂ ಎರಡೇ ನಿಮಿಷಕ್ಕೆ "ಬಾ ಬಾ, ಸಾಕು" ಅಂತ ಎಳೆದು ತರುತ್ತಿದ್ದೆ. ಅವಳ ಪಾಲಿಗೆ "ಬಾ" ಅಂದರೆ ಖುಷಿ ಮುಗಿಯಿತು ಅಂತ. ಆ ಸಂಜೆ ತಿರುಗಿ ನೋಡಿದಾಗ ಅವಳಿಗೆ ನನ್ನ ಮಾತು ಪೂರ್ತಿ ಅರ್ಥವಾಗಿತ್ತು.

ಸಣ್ಣ ನಾಯಿಗೆ ಕಲಿಸುವುದೇನಿದೆ, ಎತ್ಕೊಂಡ್ರೆ ಆಯ್ತಲ್ಲ ಅಂತ ಮೇಲಿನ ಮನೆಯವರು ಹೇಳುತ್ತಲೇ ಇರುತ್ತಾರೆ. ಅವರು ಒಳ್ಳೆಯವರು, ಆದರೆ ಈ ಮಾತು ತಪ್ಪು. ದೊಡ್ಡ ನಾಯಿ ಮಾತು ಕೇಳದಿದ್ದರೆ ಸೊಸೈಟಿ ಮೀಟಿಂಗಿನಲ್ಲಿ ಗಲಾಟೆಯಾಗುತ್ತದೆ. ಸಣ್ಣದು ಕೇಳದಿದ್ದರೆ ಮುದ್ದು ಅನ್ನುತ್ತಾರೆ. ಲಿಫ್ಟ್ ಬಂತು, ಎತ್ತಿಕೋ. ಬೇರೆ ನಾಯಿ ಬಂತು, ಎತ್ತಿಕೋ. ಹಾಗೆ ಎತ್ತಿಕೊಂಡೇ ಬೆಳೆದದ್ದಕ್ಕೆ ಒಂದು ಮಾತನ್ನು ಕೇಳಿ, ಯೋಚಿಸಿ, ತಾನೇ ಮಾಡುವ ಅವಕಾಶವೇ ಸಿಗುವುದಿಲ್ಲ. ಕೈಗೆ ಸಿಗದಷ್ಟು ದೂರ ಹೋದ ದಿನ ನಮ್ಮ ಹತ್ತಿರ ಉಳಿಯುವುದು ದನಿ ಮಾತ್ರ.

ಪ್ರಯತ್ನವನ್ನೇ ಮಾಡಿರಲಿಲ್ಲ ಅಂತಲ್ಲ. ಹೋದ ವರ್ಷ ಕಲಿಸುವವರೊಬ್ಬರನ್ನು ಕರೆಸಿದ್ದೆವು. ಬರುವಾಗಲೇ ಕಬ್ಬಿಣದ ಸರಪಳಿ ತಂದಿದ್ದರು. ಮಾತು ಕೇಳದಿದ್ದರೆ ಕುತ್ತಿಗೆಗೆ ಒಂದು ಜಗ್ಗು. ಇಷ್ಟು ಸಣ್ಣ ನಾಯಿಗಳ ಶ್ವಾಸನಾಳ ಸೂಕ್ಷ್ಮ. ಕುತ್ತಿಗೆಯ ಪಟ್ಟಿ ಹಿಡಿದು ಎಳೆದರೇ ಕೆಮ್ಮು ಶುರುವಾಗುತ್ತದೆ, ಇನ್ನು ಸರಪಳಿ! ಎರಡನೇ ದಿನ ಕುಂದಾಪುರದ ನಮ್ಮತ್ತೆ ಅಡುಗೆಮನೆಯಿಂದ ಬಂದು, "ಅವ್ನನ್ ಕಳ್ಸ್ ಮಾರಾಯ್ತಿ, ನಂಗ್ ಕಾಂಬುಕೇ ಆತಿಲ್ಲ" ಅಂದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆದರಿಸಿ ಕೂರಿಸಿದ್ದನ್ನು ಕಲಿಸಿದ್ದು ಅಂತ ಹೇಳಿ ದುಡ್ಡು ತಗೊಳ್ಳುವುದು ಅನ್ಯಾಯ.

ನಿಜವಾಗಿ ಕೂರಲು ಕಲಿಸಿದ್ದು ಮನೆಕೆಲಸಕ್ಕೆ ಬರುವ ಮಾವಶಿ. ನಾನು ಧಾರವಾಡದವಳು, "ಕೂಡು" ಅನ್ನುತ್ತಿದ್ದೆ. ಅತ್ತೆ "ಕೂಕೋ". ನಮ್ಮವರು "ಸಿಟ್". ಮೂರು ಜನ ಮೂರು ಮಾತು ಹೇಳಿದರೆ ಪಾಪ, ಅವಳು ಮೂವರ ಬಾಯಿ ನೋಡುತ್ತ ನಿಲ್ಲುತ್ತಿದ್ದಳು. ಮಾವಶಿ ದಿನಾ ಬಂದವರೇ "ಬಸ್" ಅನ್ನುವುದು, ಕೂತ ಕೂಡಲೇ ಚಪಾತಿ ಚೂರು ಕೊಡುವುದು. ಹದಿನೈದು ದಿನದಲ್ಲಿ ಬೆಲ್ಲ ಮರಾಠಿ ಕಲಿತಳು. ಈಗ ಊಟ ಬಡಿಸುವಾಗ ಯಾರಾದರೂ ಹಿಂದಿಯಲ್ಲಿ ಸಾಕು ಅಂತ "ಬಸ್ ಬಸ್" ಅಂದರೂ ಕೂತುಬಿಡುತ್ತಾಳೆ. ಒಂದು ಮಾತು, ಒಂದೇ ಅರ್ಥ, ತಕ್ಷಣ ಏನೋ ಒಳ್ಳೆಯದು. ಇದಕ್ಕಿಂತ ಹೆಚ್ಚೇನೂ ಮಾವಶಿ ಮಾಡಿರಲಿಲ್ಲ.

ಬಿ.ಎಡ್. ಓದಿದವಳು ನಾನು. ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು ಮಾಡಿದ ಪ್ರಯೋಗದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಬಾಗಿಲು ತೆರೆದರೆ ಹೊರಗೆ ತಿನ್ನಲು ಇದೆ ಅಂತ ತಿಳಿದ ಬೆಕ್ಕು ಪ್ರತಿ ಸಲ ಇನ್ನಷ್ಟು ಬೇಗ ಹೊರಬರುತ್ತದೆ. ಯಾವ ಕೆಲಸದಿಂದ ಹಿತವಾಯಿತೋ ಅದನ್ನು ಪ್ರಾಣಿ ಮತ್ತೆ ಮಾಡುತ್ತದೆ, ಹಿತವಾಗದ್ದನ್ನು ಬಿಡುತ್ತದೆ. ಪರಿಣಾಮ ನಿಯಮ. ವಾಚ್‌ಮನ್ ಕಾಕಾ ಹೇಳಿದ್ದೂ ಅದನ್ನೇ. ನೀವು ಕರೆದಾಗಲೆಲ್ಲ ಅವಳನ್ನು ಮನೆಗೇ ಒಯ್ಯುತ್ತೀರಿ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮಪ್ಪ. ಓಣಿಯಲ್ಲಿ ಕುಂಟಾಟ ರಂಗೇರಿದ ಹೊತ್ತಿಗೆ ಸರಿಯಾಗಿ ಕಟ್ಟೆ ಮೇಲೆ ನಿಂತು "ಬಾ ಇಲ್ಲೆ!" ಅನ್ನುತ್ತಿದ್ದರು. ಹೊಡೆದವರಲ್ಲ. ಆದರೂ ಆ ಎರಡು ಮಾತಿಗೆ ನನ್ನ ಹೊಟ್ಟೆಯೊಳಗೆ ಏನೋ ಬಿಗಿಯುತ್ತಿತ್ತು. ಮಗ್ಗಿ ಒಪ್ಪಿಸಬೇಕು, ಇಲ್ಲವೇ ಯಾವುದೋ ತಪ್ಪಿಗೆ ಉತ್ತರ ಕೊಡಬೇಕು. ಸುಮ್ನೆ ಪಕ್ಕದಲ್ಲಿ ಕೂರಿಸಿಕೊಳ್ಳಲು ಅಪ್ಪ ಕರೆದ ನೆನಪು ಒಂದೂ ಇಲ್ಲ. ಪ್ರೀತಿ ಇತ್ತು, ಅದು ನನಗೆ ಗೊತ್ತು. ಕರೆಯುವ ದನಿಯಲ್ಲಿ ಮಾತ್ರ ಇರಲಿಲ್ಲ.

ನಾನೂ ಹಾಗೇ ಕರೆಯುತ್ತಿದ್ದೇನಾ? ಮಗ ಈಗ ಒಂಬತ್ತನೇ ಕ್ಲಾಸು. ಬುಧವಾರ ಬೆಳಗ್ಗೆ ಅವನ ಕೋಣೆಯ ಬಾಗಿಲ ಹೊರಗಿಂದ ಕರೆದೆ. "ಪುಟ್ಟಾ, ಸ್ವಲ್ಪ ಬಾ." ಒಳಗಿಂದ ಬಂದ ಮೊದಲ ಮಾತು, "ಏನಾಯ್ತು?" ಬಾಗಿಲು ಒಂದು ಗೇಣು ತೆರೆಯಿತು. ಅವನು ನನ್ನ ಮುಖ ನೋಡಿದ. ಬೆಲ್ಲ ಗೇಟಿನ ಆಚೆಯಿಂದ ನೋಡಿದ್ದಳಲ್ಲ, ಥೇಟ್ ಹಾಗೇ. "ಏನೂ ಆಗಿಲ್ಲ, ಮಳೆ ನೋಡೋಣ ಬಾ" ಅನ್ನಬೇಕು ಅಂತಲೇ ಹೋಗಿದ್ದೆ. ಬಾಯಿಗೆ ಬಂದದ್ದು ಮಾತ್ರ, "ಗಣಿತದ ಟೆಸ್ಟ್ ಯಾವಾಗ?" ಅವನು ದಿನ ಹೇಳಿ ಬಾಗಿಲು ಹಾಕಿಕೊಂಡ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಬೆಲ್ಲಳಿಗೆ "ಬಾ" ಅನ್ನುವುದನ್ನು ಬಿಟ್ಟೆ. ಕೆಟ್ಟುಹೋದ ಮಾತನ್ನು ತಿಕ್ಕಿ ತೊಳೆಯುವುದಕ್ಕಿಂತ ಹೊಸ ಮಾತು ಹಿಡಿಯುವುದು ಸುಲಭ. ಮನೆಯಲ್ಲಿ ಬೇರೆ ಯಾವುದಕ್ಕೂ ಬಳಸದ ಮಾತಾಗಬೇಕು, ದೂರಕ್ಕೂ ಕೇಳಿಸಬೇಕು. ಅಜ್ಜಿ ನೆನಪಾದರು. ನಾಗರಪಂಚಮಿಗೆ ಡಬ್ಬಿ ತುಂಬ ಉಂಡಿ ಕಟ್ಟಿಟ್ಟು ಹಿತ್ತಲ ಬಾಗಿಲಿಂದ "ಉಂಡೀ!" ಅಂತ ರಾಗ ಎಳೆದರೆ ಮೂರು ಮನೆಯ ಮಕ್ಕಳು ಆಟ ಬಿಟ್ಟು ಓಡುತ್ತಿದ್ದೆವು. ಕೈಗೊಂದು ಉಂಡಿ ಇಟ್ಟು "ಹೋಗ್ರಿ, ಆಡ್ರಿ" ಅನ್ನುತ್ತಿದ್ದರು. ಅಜ್ಜಿ ಕರೆದು ಯಾವತ್ತೂ ಆಟ ನಿಲ್ಲಿಸಲಿಲ್ಲ.

ಬೆಲ್ಲಳಿಗೆ ನಿಜವಾದ ಉಂಡಿ ಕೊಡುವ ಹಾಗಿಲ್ಲ. ಅತ್ತೆಗೆ ಅದನ್ನು ಎರಡು ಸಲ ಹೇಳಿದ್ದೇನೆ. ಉಂಡಿಯಲ್ಲಿರುವ ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷ. ಬಟಾಣಿ ಕಾಳಿನಷ್ಟು ಪನೀರ್ ಚೂರು ಸಾಕು. ಮೊದಲು ಮನೆಯ ಹಾಲ್‌ನಲ್ಲಿ ಶುರು ಮಾಡಿದೆ. "ಉಂಡೀ", ಪನೀರ್. "ಉಂಡೀ", ಪನೀರ್. ಒಂದು ಸಲಕ್ಕೆ ಐದು ನಿಮಿಷ, ಅಷ್ಟೇ. ಗುರುವಾರ ಲಿಫ್ಟಿನ ಮುಂದೆ ಬಂದಾಗ ಮತ್ತೆ ಮೊದಲಿಂದ ಕಲಿಸಬೇಕಾಯಿತು. ಹಾಲ್‌ನಲ್ಲಿ ಕಲಿತ ಮಾತು ನಾಯಿಗೆ ಲಿಫ್ಟಿನ ಮುಂದೆ ಬೇರೆಯದೇ ಮಾತು. ಇದು ಹಠವಲ್ಲ ಅಂತ ಈಗ ನನಗೆ ಗೊತ್ತು.

ಇವತ್ತು ಕಾಂಪೌಂಡಿಗೆ ಇಳಿದೆವು. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಪಟ್ಟಿ ಹಾಕಿದ್ದೆ, ಅದಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ತಂದ 10 ಮೀಟರ್ ಹಗ್ಗ. ಹಗ್ಗ ಎಳೆಯಲಿಕ್ಕಲ್ಲ, ರಸ್ತೆಗೆ ಹೋಗದಿರಲಿ ಅಂತ ಮಾತ್ರ. ಕಾಕಾ ಗೇಟು ಹಾಕಿ ಕುರ್ಚಿ ಈಚೆ ಎಳೆದುಕೊಂಡು ಕೂತರು. ಮಗನೂ ಬಂದಿದ್ದ. ನಾನು ಕರೆದಿರಲಿಲ್ಲ, ತಾನೇ ಬಂದ. ಬೆಲ್ಲ ತುಳಸಿ ಕುಂಡದ ಹಿಂದೆ ಏನನ್ನೋ ಮೂಸುತ್ತಿದ್ದಳು. ನಾನು ಕುಕ್ಕರುಗಾಲಲ್ಲಿ ಕೂತು, ಮುಖ ಸ್ವಲ್ಪ ಪಕ್ಕಕ್ಕೆ ಮಾಡಿ, "ಉಂಡೀ" ಅಂದೆ.

ತಲೆ ಎತ್ತಿದಳು. ಅದೇ ನೋಟ. ಒಂದು ಕ್ಷಣ ಉಸಿರು ಹಿಡಿದೆ. ಆಮೇಲೆ ಕಿವಿ ಹಿಂದಕ್ಕೆ ಹಾರಿಸಿಕೊಂಡು, ಒದ್ದೆ ನೆಲದಲ್ಲಿ ಜಾರುತ್ತ ಓಡಿ ಬಂದು ನನ್ನ ಮೊಣಕಾಲಿಗೆ ಗುದ್ದಿದಳು. ಪನೀರ್ ಕೊಟ್ಟು "ಹೋಗು, ಆಡು" ಅಂದೆ. ಅವಳು ಹೋಗಲಿಲ್ಲ. ನನ್ನ ಕೈಯಲ್ಲಿದ್ದ ಕೊಕ್ಕೆಯನ್ನೇ ನೋಡುತ್ತ ನಿಂತಳು, ಈಗ ಮನೆಗೆ ಒಯ್ಯುತ್ತಾರೆ ಅಂತ. ಕೊಕ್ಕೆ ಕೆಳಗಿಟ್ಟೆ. "ಹೋಗು ಬೆಲ್ಲಾ" ಅಂತ ಮಗನೂ ಹೇಳಿದ. ಆಗ ನಿಧಾನಕ್ಕೆ ಎರಡು ಹೆಜ್ಜೆ ಹೋಗಿ, ತಿರುಗಿ ನಮ್ಮಿಬ್ಬರನ್ನೂ ನೋಡಿ, ಕುಂಡದ ಕಡೆ ಓಡಿದಳು.