1622 ಸಿಸಿ ಆಸೆಗೆ 3.1 ಮಿಮೀ ಅಡ್ಡಗಾಲು

ಹೆಡ್ ಪೋರ್ಟಿಂಗ್, ಕ್ರ್ಯಾಂಕ್ ಬ್ಯಾಲೆನ್ಸಿಂಗ್ ಎಲ್ಲ ಮುಗಿದಿದೆ, ಆ ಕಥೆ ಬಿಡಿ. ಸಿಲಿಂಡರ್ ಕೊರೆದು 1622 ಸಿಸಿಗೆ ಏರಿಸಬೇಕು ಅಂತಿರುವ ನನ್ನ ಅಂಬಾಸಡರ್ ಎಂಜಿನ್ ಈಗ ನಿಂತಿರುವುದು ಮೂರನೇ ಸಿಲಿಂಡರ್‌ನ ಗೋಡೆ ಎಷ್ಟು ದಪ್ಪ ಇದೆ ಅನ್ನೋ ಒಂದೇ ಪ್ರಶ್ನೆ ಮೇಲೆ.

ನಮ್ಮ ಅಂಬಾಸಡರ್‌ನ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿ-ಸೀರೀಸ್. ಬೋರ್ (ಸಿಲಿಂಡರ್‌ನ ಒಳ ಅಗಲ) 73.025, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 88.9 ಮಿಮೀ. ಇದೇ ವಂಶದ ಎಂಜಿನ್ ಎಂಜಿಎ ಕಾರಿನಲ್ಲಿ 76.2 ಬೋರ್ ಆಗಿ 1622 ಸಿಸಿಗೆ ಏರಿತು. ಎಂಜಿಬಿ ಬರುವಷ್ಟರಲ್ಲಿ 1798. ಇದನ್ನು ಓದಿದವರೆಲ್ಲ 'ಹಾಗಾದ್ರೆ ನಮ್ಮದೂ ಆಗುತ್ತೆ' ಅಂತ ಕುಣಿಯುತ್ತಾರೆ. ಫ್ಯಾಕ್ಟರಿಯವರು ಬೇಕಾದರೆ ಎರಕದಲ್ಲಿ ಒಳಗಿನ ಟೊಳ್ಳು ಮೂಡಿಸುವ ಮರಳಿನ ಅಚ್ಚನ್ನೇ, ಅಂದರೆ ಕೋರ್ ಅನ್ನೇ, ಬದಲಾಯಿಸಬಹುದು. ನಮ್ಮ ಹತ್ತಿರ ಇರುವುದು ಸಿಲಿಂಡರ್ ಕೊರೆಯುವ ಬೋರಿಂಗ್ ಬಾರ್ ಮಾತ್ರ.

ನನ್ನ ಬ್ಲಾಕ್ ಆಗಲೇ 40 ಸೈಜ್‌ಗೆ ಹೋಗಿದೆ, ಅಂದರೆ ಮೂಲ ಬೋರ್‌ಗಿಂತ 0.040 ಇಂಚು ದೊಡ್ಡದು, 74.04. ಅಲ್ಲಿಂದ 76.2ಕ್ಕೆ ಹೋದರೆ ಪ್ರತಿ ಗೋಡೆಯಲ್ಲಿ 1.08 ಮಿಮೀ ಹೋಗುತ್ತದೆ. ಉಳಿಯೋದು ಎಷ್ಟು? ಅದಕ್ಕೇ ಶಬ್ದ ಕಳಿಸಿ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ತರಿಸಿದ್ದು. ಜೊತೆಗೆ ಬಂದ ಪ್ರೋಬ್ ಚಪ್ಪಟೆ, ದಪ್ಪ. ದುಂಡಗಿನ ಬೋರ್ ಒಳಗೆ ಇಟ್ಟರೆ ಆ ಕಡೆ ಈ ಕಡೆ ವಾಲಾಡುತ್ತದೆ, ಅಂಕಿ ನಿಲ್ಲುವುದೇ ಇಲ್ಲ. ಸಣ್ಣ ಪ್ರೋಬ್‌ಗೆ ಬೇರೆ ದುಡ್ಡು ಅಂತೆ! ಸುಮ್ನೆ ಕೊಟ್ಟೆ. ಸ್ಕ್ಯಾನಿಂಗ್ ಸೆಂಟರ್‌ನವರು ಹೊಟ್ಟೆಗೆ ಹಚ್ಚುವ ನೀಲಿ ಜೆಲ್ ಹಚ್ಚಿ ಒತ್ತಿ ಹಿಡಿದರೆ ಈಗ ಅಂಕಿ ಕೂರುತ್ತದೆ.

ಮೂರನೇ ಸಿಲಿಂಡರ್, ಡಿಸ್ಟ್ರಿಬ್ಯೂಟರ್ ಇರುವ ಕಡೆ: 5.4. ಇಂಧನ ಉರಿದು ಕೆಳಗೆ ತಳ್ಳುವ ಪವರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಒರಗಿ ಒದೆಯುವುದು ಇದೇ ಗೋಡೆಗೆ. 1.08 ಕಳೆದರೂ 4.3 ಉಳಿಯುತ್ತದೆ. ಬೋರಿಂಗ್ ಶಾಪ್‌ನವರು, "ಇನ್ನೇನು ಮಾರಾಯ್ರೆ, ಪಿಸ್ಟನ್ ತರಿಸಿ" ಅಂದರು. ನನಗೆ ಖುಷಿಗಿಂತ ಅನುಮಾನ ಜಾಸ್ತಿ ಆಯಿತು. ವರ್ಷಗಟ್ಟಲೆ ಹಳ್ಳದ ನೀರು ಕುಡಿದ ಬ್ಲಾಕ್ ಇದು. ನೀರಿನ ದಾರಿ ಮುಚ್ಚುವ ಕೋರ್ ಪ್ಲಗ್ ತೆಗೆದಾಗ ಕೆಂಪು ಕೆಸರು ಗಂಟು ಗಂಟಾಗಿ ಉದುರಿತ್ತು. ಇಷ್ಟು ಚೆನ್ನಾಗಿ ಹೇಗಿರುತ್ತೆ?

ಗುಜರಿಯಲ್ಲಿ ಬಿದ್ದಿದ್ದ ಇನ್ನೊಂದು ಅಂಬಾಸಡರ್ ಬ್ಲಾಕ್‌ನಿಂದ ಒಂದು ತುಂಡು ಕೊಯ್ಸಿಕೊಂಡು ಬಂದೆ. ಎರಡೂ ಮುಖ ಉಜ್ಜಿ ಮೈಕ್ರೋಮೀಟರ್ ಹಾಕಿದರೆ 4.88. ಅದೇ ತುಂಡಿಗೆ ಗೇಜ್ ಹೇಳಿದ್ದು 6.26! ಸಿಕ್ಕಿಬಿತ್ತು ಕಳ್ಳ. ಗೇಜ್ ಸೆಟ್ ಆಗಿರುವುದು ಸ್ಟೀಲ್‌ಗೆ, ಅಂದರೆ ಶಬ್ದದ ವೇಗ ಸೆಕೆಂಡಿಗೆ 5900 ಮೀಟರ್ ಅಂತ. ಬ್ಲಾಕ್ ಇರುವ ಬೀಡು ಕಬ್ಬಿಣದಲ್ಲಿ ಶಬ್ದ ನಿಧಾನ, ಎರಕದಿಂದ ಎರಕಕ್ಕೆ ಬೇರೆ ಬೇರೆ. ನನ್ನ ತುಂಡಿಗೆ 4600 ಕೊಟ್ಟಾಗ ಮೈಕ್ರೋಮೀಟರ್‌ಗೆ ಸರಿಹೊಂದಿತು. ಮಾರಿದವನ ಕಾಗದದಲ್ಲಿ ಮಾತ್ರ 'ಎಲ್ಲ ಲೋಹಗಳಿಗೂ ರೆಡಿ' ಅಂತ ದಪ್ಪಕ್ಷರದಲ್ಲಿ ಇದೆ. ಫೋನ್ ಮಾಡಿದರೆ "ಸೆಟ್ಟಿಂಗ್‌ನಲ್ಲಿ ನೋಡಿ ಸಾರ್" ಅಂತಾನೆ.

ಹೊಸ ಲೆಕ್ಕದಲ್ಲಿ ಆ 5.4 ಅಂದರೆ 4.2. ಎದುರು ಗೋಡೆ, ಕ್ಯಾಮ್‌ಶಾಫ್ಟ್ ಕಡೆ, 5.9. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಫೌಂಡ್ರಿಯಲ್ಲಿರುವ ಗೆಳೆಯನಿಗೆ ತೋರಿಸಿದೆ. ಎರಕ ಹೊಯ್ಯುವಾಗ ಮರಳಿನ ಕೋರ್ ಜರುಗಿದೆ, ಅಷ್ಟೇ, ಅಂದ. ಜರುಗಲಿ ಬಿಡಿ, ಆದರೆ ತೆಳ್ಳಗೆ ಆಗಲು ಸಿಕ್ಕಿದ್ದು ಒದೆ ತಿನ್ನುವ ಕಡೆಯೇ ಆಗಬೇಕಿತ್ತಾ?

76.2 ಮಾಡಿದರೆ ಅಲ್ಲಿ ಉಳಿಯುವುದು 3.1. ಒಡೆಯುವ ಲೆಕ್ಕ ಹಾಕಿದರೆ ಪಾಸು. 70 ಬಾರ್ ಒತ್ತಡ ಹಿಡಿದರೂ ಗೋಡೆಯ ಮೇಲೆ ಬೀಳುವುದು 86 ಮೆಗಾಪಾಸ್ಕಲ್, ಸಾಧಾರಣ ಬೀಡು 200ರವರೆಗೆ ತಡೆಯುತ್ತದೆ. ತೊಂದರೆ ಇರುವುದು ಬಾಗುವುದರಲ್ಲಿ. ಗೋಡೆ ಬಾಗದೆ ನಿಲ್ಲುವ ಗಟ್ಟಿತನ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 4.2 ಹೋಗಿ 3.1 ಆದರೆ ಉಳಿಯುವುದು ನೂರಕ್ಕೆ 40. ಬೋರ್ ದುಂಡಗೆ ಇರಲ್ಲ, ಪಿಸ್ಟನ್ ರಿಂಗ್ ಕೂರಲ್ಲ, ಗ್ಯಾಸ್ ಸೋರಿ ಬ್ರೀದರ್‌ನಲ್ಲಿ (ಎಂಜಿನ್ ಉಸಿರು ಬಿಡುವ ಕೊಳವೆ) ಹೊಗೆ. ಆಗುಂಬೆ ಘಾಟಿಯಲ್ಲಿ ಎರಡನೇ ಗೇರ್‌ನಲ್ಲಿ ಎಳೆಯುವಾಗ ಬಿರುಕು ಬಿಟ್ಟರೆ ಆಯಿಲ್‌ಗೆ ನೀರು. ದೊಡ್ಡ ಅಮೆರಿಕನ್ ವಿ8ಗಳಿಗೆ ರೇಸ್‌ನವರು ಹೇಳುವ ಲೆಕ್ಕ ಒದೆ ತಿನ್ನುವ ಕಡೆ ಸುಮಾರು 4.5ರಿಂದ 5, ಉಳಿದ ಕಡೆ 3. ಅವರ ಬೋರ್ 100 ಮಿಮೀ ಆಸುಪಾಸು, ನನ್ನದು 75. ಹಾಗಾಗಿ ನನ್ನ ಗೆರೆ 4. ಅದಕ್ಕಿಂತ ಕೆಳಗೆ ಇಳಿಯಲ್ಲ.

ಬೋರಿಂಗ್ ಶಾಪ್‌ನವರ ಹತ್ತಿರ ಉಪಾಯಕ್ಕೇನೂ ಬರ ಇಲ್ಲ. ಬೋರ್‌ನ ಸೆಂಟರ್ ಅನ್ನೇ ದಪ್ಪ ಕಡೆಗೆ ಅರ್ಧ ಮಿಮೀ ಜರುಗಿಸೋಣ ಅಂದರು. ಆಗಲೂ 3.6 ಅಷ್ಟೇ, ಮೇಲೆ ಹೆಡ್ ಗ್ಯಾಸ್ಕೆಟ್ ತೂತಿನ ಜೊತೆ ಜಗಳ. ಸ್ಲೀವ್, ಅಂದರೆ ಸಿಲಿಂಡರ್ ಒಳಗೆ ಕೂರಿಸುವ ಹೊಸ ಕೊಳವೆ, ಹಾಕೋಣ ಅಂದರು. 76.2 ಒಳಗಳತೆಯ ಸ್ಲೀವ್ ಕೂರಿಸಬೇಕಾದರೆ ಬ್ಲಾಕ್ ಅನ್ನು ಇನ್ನೂ 2 ಮಿಮೀ ಆಳಕ್ಕೆ ಕೊರೆಯಬೇಕು, ಆ 3.1ರಲ್ಲಿ ಉಳಿಯೋದು 1.1, ಆಚೆ ಸೀದಾ ನೀರಿನ ಮನೆ. ಸ್ಲೀವ್ ಅನ್ನೋದು ಹಳೇ ಸೈಜ್‌ಗೆ ವಾಪಸ್ ಬರೋಕೆ, ಮುಂದೆ ಹೋಗೋಕೆ ಅಲ್ಲ.

ನಡುವೆ ಒಂದು ಮಾತು. ಈ ಗೇಜ್ ಕೈಗೆ ಬಂದ ಮೇಲೆ ಮೂಲೆಯಲ್ಲಿರುವ ಯೆಜ್ಡಿ 250 ಮೇಲೆ ಕಣ್ಣು ಬಿದ್ದಿದೆ. 65 ಬೋರ್, 75 ಸ್ಟ್ರೋಕ್, ಮೈಸೂರಿನ ಮಗು. ಅದರ ಪೋರ್ಟ್ (ಸಿಲಿಂಡರ್‌ಗೆ ಗ್ಯಾಸ್ ಹೋಗಿಬರುವ ತೂತು) ಎತ್ತರಿಸುವ ಪ್ಲಾನ್ ಗೋಡೆಗೆ ಅಂಟಿಸಿಯೂ ಆಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಅಂಬಾಸಡರ್‌ಗೆ ಈಗ ತೀರ್ಮಾನ 60 ಸೈಜ್: 74.55 ಬೋರ್, 1552 ಸಿಸಿ, ಆ ಗೋಡೆಯಲ್ಲಿ 3.95. ಹೌದು, ಗೆರೆಗಿಂತ ಕೂದಲೆಳೆ ಕಮ್ಮಿ, ಗೊತ್ತು. ಒತ್ತಡ ಹೆಚ್ಚದಿರಲಿ ಅಂತ ಕಂಪ್ರೆಷನ್ ಅನುಪಾತ 9ಕ್ಕೆ ನಿಲ್ಲಿಸುತ್ತೇನೆ. ಹೆಡ್ ಬಿಗಿದಾಗಿನಂತೆಯೇ ಬ್ಲಾಕ್ ಅನ್ನು ಒತ್ತಿ ಹಿಡಿಯುವ ಟಾರ್ಕ್ ಪ್ಲೇಟ್ ಬಿಗಿಯದೆ ಹೋನಿಂಗ್ (ಬೋರ್‌ಗೆ ಕೊನೆಯ ಉಜ್ಜು) ಮಾಡಿಸಲ್ಲ, ಪ್ಲೇಟ್ ಕೊರೆಯೋಕೆ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್‌ನಲ್ಲಿ ಕೊಟ್ಟಾಗಿದೆ. ಪಿಸ್ಟನ್ ಸೆಟ್ ಕೂಡ ಬಂತು. ನಾಲ್ಕೂ ಡಬ್ಬಿಯ ಮೇಲೆ 60 ಅಂತಲೇ ಇದೆ. ಒಳಗೆ ಎರಡು 60, ಎರಡು 40. ಅಂಗಡಿಯವರು, "ಹೇಗೂ ನಲವತ್ತು ಬೇಕಾಗುತ್ತಲ್ಲ ಸಾರ್, ಇಟ್ಕೊಳ್ಳಿ" ಅನ್ನುತ್ತಿದ್ದಾರೆ.