ಪೀಡೆ ತೊಲಗಿತು, ಆದರೆ ಊಟ ಸೇರ್ತಿಲ್ಲ

2009ರ ಮೇ ತಿಂಗಳ ಆ ವಾರ ಆಫೀಸಿನಲ್ಲಿ ಲೋಕಸಭಾ ಚುನಾವಣೆಯ ಫಲಿತಾಂಶದ ಮಾತೇ ಇರಬೇಕಿತ್ತು. ಆದರೆ ಸೋಮವಾರ, ಶ್ರೀಲಂಕಾದಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದ ತಮಿಳು ಹುಲಿಗಳ (ಎಲ್‌ಟಿಟಿಇ) ನಾಯಕ ಪ್ರಭಾಕರನ್ ಸತ್ತ ಅಂದರು. ಆಂಬುಲೆನ್ಸಿನಲ್ಲಿ ತಪ್ಪಿಸಿಕೊಳ್ಳಲು ಹೋಗಿ ಸತ್ತ ಅಂದರು. ಮಂಗಳವಾರ ನೋಡಿದರೆ ಉತ್ತರ ಲಂಕಾದ ನಂದಿಕಡಲ್ ಹಿನ್ನೀರಿನ ಹತ್ತಿರ ಹೆಣ ಸಿಕ್ಕಿತು ಅಂತ ಕಥೆ ಬದಲಾಯಿತು. ಹುಲಿಗಳ ಕಡೆಯವರು 'ನಮ್ಮ ನಾಯಕ ಬದುಕಿದ್ದಾರೆ' ಅಂದರು. ಈತ ಸತ್ತ ಸುದ್ದಿ ಹಿಂದೆಯೂ ಬಂದಿತ್ತು, ಸುನಾಮಿ ಹೊತ್ತಿನಲ್ಲೂ ಬಂದಿತ್ತು. ಆದರೆ ಈ ಸಲ ಟಿವಿಯಲ್ಲಿ ಮುಖವೇ ಕಾಣಿಸಿತು. ದಪ್ಪ ಮೀಸೆ, ತೆರೆದ ಕಣ್ಣು, ತಲೆಗೆ ಮುಚ್ಚಿದ ಬಟ್ಟೆ.

ನಮ್ಮ ಆಫೀಸಿನ ಹಿರಿಯರೊಬ್ಬರು ಲಂಕಾದ ತಮಿಳರ ಊರು ಜಾಫ್ನಾದವರು. 1983ರಲ್ಲಿ ಅಲ್ಲಿ ತಮಿಳರ ಮೇಲೆ ಗಲಭೆ ಆದಮೇಲೆ ಬೆಂಗಳೂರಿಗೆ ಬಂದವರು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಾರೆ. ಅವರ ಅಣ್ಣನ ಮಗನನ್ನು ಹುಲಿಗಳು ಎಳೆದುಕೊಂಡು ಹೋಗಿದ್ದರು. ಇನ್ನೂ ಮೀಸೆ ಮೂಡದ ಹುಡುಗ, ವಾಪಸ್ ಬರಲಿಲ್ಲ. ಹಾಗಾಗಿ ಅವರಿಗೆ ಖುಷಿಯಾಗಿರುತ್ತೆ ಅಂದುಕೊಂಡೇ ನಾನು ಮಾತು ತೆಗೆದೆ.

"ಏನ್ಸಾರ್, ಕೊನೆಗೂ ಮುಗೀತಲ್ಲ?"

"ಹೂಂ, ಪೀಡೆ ತೊಲಗಿತು. ಆದರೆ ಯಾಕೋ ಎರಡು ದಿನದಿಂದ ಊಟ ಸೇರ್ತಿಲ್ಲ ಕಣ್ರೀ."

ಅಷ್ಟೇ ಹೇಳಿ ಕಂಪ್ಯೂಟರ್ ಕಡೆ ತಿರುಗಿದರು. ಪೀಡೆ ತೊಲಗಿದರೆ ಊಟ ಸೇರಬೇಕಲ್ವಾ?

ನನಗಂತೂ ಸೇರಿತು. 1991ರ ಮೇ 21 ನನ್ನ ವಯಸ್ಸಿನವರಿಗೆ ಮರೆಯುವ ದಿನವಲ್ಲ. ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯನ್ನು ಕೊಂದ ಹುಲಿಗಳ ತಂಡದ ಶಿವರಾಸನ್ ಕೊನೆಗೆ ಅಡಗಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲೇ. ಶಾಂತಿ ಕಾಪಾಡಲು ಹೋದ ನಮ್ಮ ಸೈನಿಕರು ಸಾವಿರಕ್ಕೂ ಹೆಚ್ಚು ಜನ ಆ ದ್ವೀಪದಲ್ಲಿ ಸತ್ತರು. ಸಿಕ್ಕಿಬಿದ್ದರೆ ಸಾಯಲೆಂದು ಮಕ್ಕಳ ಕೊರಳಿಗೆ ಸಯನೈಡ್ ಕಟ್ಟಿದವನ ಮೇಲೆ ನನಗೆ ಮರುಕ ಹುಟ್ಟುವುದಿಲ್ಲ, ಹುಟ್ಟಲೂ ಬೇಕಿಲ್ಲ.

ಆದರೂ ಆ ಹಿರಿಯರ ಮಾತು ನನ್ನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಅದೇ, ರಾತ್ರಿ ಟಿವಿ ಮುಂದೆಯೂ ಅದೇ. ಅವರನ್ನು ಮತ್ತೆ ಕೇಳಲು ಧೈರ್ಯವಾಗಲಿಲ್ಲ. ನನಗೆ ತೋಚಿದ್ದು ಹೀಗೆ. ಪ್ರಭಾಕರನ್ ಸಿಂಹಳೀಯರನ್ನಷ್ಟೇ ಕೊಲ್ಲಿಸಲಿಲ್ಲ. ಅಮೃತಲಿಂಗಂ ಅವರನ್ನು ಕೊಲ್ಲಿಸಿದ. ನೀಲನ್ ತಿರುಚೆಲ್ವಂ ಅವರನ್ನು ಕೊಲ್ಲಿಸಿದ. ಇಬ್ಬರೂ ತಮಿಳರೇ, ಇಬ್ಬರೂ ಪಾರ್ಲಿಮೆಂಟಿನಲ್ಲಿ ಕೂತು ತಮಿಳರ ಪರ ವಾದ ಮಾಡಬಲ್ಲವರು. ಇಂಥವರನ್ನು ಒಬ್ಬೊಬ್ಬರನ್ನಾಗಿ ಮುಗಿಸಿ, ತಮಿಳರ ಹೆಸರಿನಲ್ಲಿ ಮಾತಾಡುವವನು ತಾನೊಬ್ಬನೇ ಅನ್ನುವ ಹಾಗೆ ಮಾಡಿಟ್ಟ. ಈಗ ಅವನೂ ಹೋದ. ಜಾಫ್ನಾದ ಮನುಷ್ಯನೊಬ್ಬ ಅವನನ್ನು ದ್ವೇಷಿಸಿಕೊಂಡೇ 'ಇನ್ನು ನಮ್ಮನ್ನು ಯಾರು ಕೇಳ್ತಾರೆ' ಅಂತ ಕಂಗಾಲಾಗುವುದು ಸುಮ್ನೆ ಅಲ್ಲ.

ಕೇಳುವವರು ಯಾರಿದ್ದರು ಹೇಳಿ? ಆಗ ಲಂಕಾದ ಅಧ್ಯಕ್ಷರಾಗಿದ್ದ ರಾಜಪಕ್ಸೆ ಪಾರ್ಲಿಮೆಂಟಿನಲ್ಲಿ ನಾಲ್ಕು ಮಾತು ತಮಿಳಿನಲ್ಲಿ ಆಡಿದರು. ಒಳ್ಳೆಯದೇ, ಆದರೆ ಹೊರಗೆ ಕೊಲಂಬೊ ಬೀದಿಯಲ್ಲಿ ಪಟಾಕಿ ನಿಂತಿರಲಿಲ್ಲ. ಈಚೆ ಕಡೆ, ಲಂಕಾದ ಯುದ್ಧ ನಿಲ್ಲಲಿ ಅಂತ ಆಗಿನ ತಮಿಳುನಾಡು ಮುಖ್ಯಮಂತ್ರಿ ಕರುಣಾನಿಧಿಯವರು ಮಾಡಿದ ಉಪವಾಸವನ್ನು ಅದರ ಹಿಂದಿನ ತಿಂಗಳು ನೋಡಿದ್ದೆವಲ್ಲ. ಮರೀನಾದಲ್ಲಿ ಬೆಳಗ್ಗೆ ಶುರು, ಮಧ್ಯಾಹ್ನದ ಊಟದ ಹೊತ್ತಿಗೆ ಮುಕ್ತಾಯ! ನಮ್ಮ ಆಫೀಸಿನಲ್ಲೂ ಒಬ್ಬ ಸಿಹಿ ಹಂಚಿದ. ಅವನದೇನೂ ಕೆಟ್ಟ ಮನಸ್ಸಲ್ಲ, ಸ್ವಲ್ಪ ಗದ್ದಲದ ಆಸಾಮಿ ಅಷ್ಟೇ. ಆ ಹಿರಿಯರ ಮೇಜಿಗೂ ಒಂದು ಪೇಡ ಇಟ್ಟು ಹೋದಾಗ ಮಾತ್ರ ನನಗೆ ಕಸಿವಿಸಿಯಾಯಿತು.

ಚಾನೆಲ್‌ಗಳು ಆಗ ಪ್ರಭಾಕರನ್ ಹೆಣ ನಿಜವಾಗಿ ಅವನದೇನಾ ಅಂತ ಚರ್ಚೆಗೆ ಕೂತಿದ್ದವು. ಯುದ್ಧದಿಂದ ಓಡಿಬಂದ ತಮಿಳರನ್ನು ಇಟ್ಟಿದ್ದ, ಉತ್ತರ ಲಂಕಾದ ವವುನಿಯಾದ ಮುಳ್ಳುತಂತಿಯ ಕ್ಯಾಂಪುಗಳಲ್ಲಿ ಲಕ್ಷಗಟ್ಟಲೆ ಜನರಿದ್ದರು, ಅವರ ಹೆಸರು ಓದುವವರಿರಲಿಲ್ಲ. ಆ ಹಿರಿಯರ ಅತ್ತಿಗೆ ಅಲ್ಲಿ ಯಾವುದಾದರೂ ಒಂದರಲ್ಲಿ ಇದ್ದಿರಬಹುದು. ಒಂದು ಮಧ್ಯಾಹ್ನವೆಲ್ಲ ಅವರು ಕೊಲಂಬೊಗೆ ಫೋನ್ ಮಾಡುತ್ತಲೇ ಇದ್ದರು, ಲೈನ್ ಸಿಗಲಿಲ್ಲ.